ವೈರಸ್‌ಗೆ ಬಲ ತುಂಬುವ ಪ್ರಯೋಗ: ಬ್ರೇಕ್ ಯಾರ ಕೈಯಲ್ಲಿರಬೇಕು?

2025ರ ಮೇ 5ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ‘ಅಪಾಯಕಾರಿ ಗೇನ್ ಆಫ್ ಫಂಕ್ಷನ್’ ಸಂಶೋಧನೆಗೆ, ಅಂದರೆ ರೋಗಾಣುವಿಗೆ ಹೊಸ ಬಲ ಕೊಡುವ ಪ್ರಯೋಗಗಳಿಗೆ, ಸರ್ಕಾರದ ಹಣ ಹೋಗಬಾರದು ಎಂಬುದು ಅದರ ತಿರುಳು. ಚೀನಾ, ಇರಾನ್‌ನಂಥ ದೇಶಗಳಲ್ಲಿ ನಡೆಯುವ ಇಂಥ ಕೆಲಸಕ್ಕೆ ಹಣ ಪೂರ್ತಿ ಬಂದ್. ಅಮೆರಿಕದೊಳಗೆ, ಹೊಸ ನಿಯಮ ಬರುವವರೆಗೆ ತಡೆ. ಆ ನಿಯಮ ತಯಾರಿಸಲು ಅಧಿಕಾರಿಗಳಿಗೆ ಕೊಟ್ಟ ಗಡುವು 120 ದಿನ.

ಸುದ್ದಿ ಓದಿದ ಬಹಳ ಜನರಿಗೆ ಗೊಂದಲ ಶುರುವಾಗಿದ್ದು ಇಲ್ಲಿಂದಲೇ. ವರ್ಷಗಳಿಂದ ಇಂಥ ಪ್ರಯೋಗಗಳನ್ನು ವಿರೋಧಿಸುತ್ತಿದ್ದ ಕೆಲವು ವಿಜ್ಞಾನಿಗಳು ಆದೇಶವನ್ನು ಸ್ವಾಗತಿಸಿದರು. ಇನ್ನು ಕೆಲವರು ಇದರಿಂದ ಲಸಿಕೆ, ಔಷಧಿಗಳ ಕೆಲಸವೇ ನಿಲ್ಲುತ್ತದೆ ಎಂದರು. ಕ್ಷಯ ರೋಗದ ಬ್ಯಾಕ್ಟೀರಿಯಾ ಬಗ್ಗೆ ನಡೆಯುತ್ತಿದ್ದ ಅಧ್ಯಯನಗಳೂ ಪರಿಶೀಲನೆಯ ಪಟ್ಟಿಗೆ ಸೇರಿದಾಗ ಗೊಂದಲ ಇನ್ನೂ ಜಾಸ್ತಿಯಾಯಿತು. ಸಾಂಕ್ರಾಮಿಕ ಹುಟ್ಟಿಸಬಲ್ಲ ವೈರಸ್ಸಿಗೂ ಟಿಬಿ ಔಷಧಿಯ ಸಂಶೋಧನೆಗೂ ಒಂದೇ ನಿಯಮ ಯಾಕೆ? ಅಪಾಯ ಅಂತ ಎಲ್ಲರೂ ಒಪ್ಪುವುದಾದರೆ ಇಷ್ಟು ವರ್ಷ ಯಾರೂ ಯಾಕೆ ತಡೆಯಲಿಲ್ಲ?

ತಡೆಯಲು ನೋಡಿದ್ದರು, ಅದೂ ಹಲವು ಸಲ. ಆ ಪ್ರಯತ್ನಗಳು ಎಲ್ಲಿ ಸೋತವು ಎಂಬುದು ತಿಳಿದರೆ ಈಗಿನ ಜಗಳ ಅರ್ಥವಾಗುತ್ತದೆ.

ಹೆಸರು ಒಂದು, ಕೆಲಸ ನೂರು

ಒಂದು ಸೂಕ್ಷ್ಮಜೀವಿಗೆ ಮೊದಲಿಲ್ಲದ ಗುಣ ಬರುವಂತೆ ಮಾಡಿದರೆ ಅದು ಗೇನ್ ಆಫ್ ಫಂಕ್ಷನ್. ಹೀಗೆ ನೋಡಿದರೆ ಜೀವಶಾಸ್ತ್ರದ ಲ್ಯಾಬುಗಳಲ್ಲಿ ದಿನಾ ನಡೆಯುವ ಎಷ್ಟೋ ಕೆಲಸ ಇದರೊಳಗೆ ಬರುತ್ತದೆ. ಇನ್ಸುಲಿನ್ ತಯಾರಿಸುವ ಹಾಗೆ ಬ್ಯಾಕ್ಟೀರಿಯಾ ಬದಲಿಸುವುದೂ ಗುಣ ಸೇರಿಸುವ ಕೆಲಸವೇ. ಮನುಷ್ಯರಿಗೆ ತಗಲುವ ಕೆಲವು ವೈರಸ್‌ಗಳು ಇಲಿಗಳಿಗೆ ಸುಲಭವಾಗಿ ತಗಲುವುದಿಲ್ಲ. ಔಷಧಿಯನ್ನು ಇಲಿಗಳ ಮೇಲೆ ಪರೀಕ್ಷಿಸಬೇಕಾದರೆ ಮೊದಲು ಇಲಿಗೆ ತಗಲುವಂಥ ವೈರಸ್ ಬೇಕು. ಅದನ್ನು ಬೆಳೆಸುವುದೂ ಇದೇ ಜಾತಿಗೆ ಸೇರುತ್ತದೆ. ಇವುಗಳ ಬಗ್ಗೆ ಯಾರದೂ ದೊಡ್ಡ ತಕರಾರಿಲ್ಲ.

ತಕರಾರು ಇರುವುದು ಇದರ ಒಂದು ಚಿಕ್ಕ ಭಾಗದ ಬಗ್ಗೆ. ಮನುಷ್ಯರಲ್ಲಿ ಬೇಗ ಹರಡುವ ಅಥವಾ ಹೆಚ್ಚು ಜನರನ್ನು ಕೊಲ್ಲುವ ಶಕ್ತಿಯನ್ನು ಒಂದು ರೋಗಾಣುವಿಗೆ ಕೊಡುವ ಪ್ರಯೋಗಗಳು ಅವು. ಇವುಗಳ ಸಂಖ್ಯೆ ಕಡಿಮೆ. ಆದರೆ ಇವುಗಳಲ್ಲಿ ಒಂದೇ ಒಂದು ಎಡವಟ್ಟಾದರೂ ಅದರ ಪರಿಣಾಮ ಆ ಲ್ಯಾಬಿನ ಗೋಡೆಯೊಳಗೆ ಉಳಿಯುವುದಿಲ್ಲ.

ಸಾಮಾನ್ಯ ಪ್ರಯೋಗ ಎಲ್ಲಿ ಮುಗಿಯಿತು, ಅಪಾಯದ ಪ್ರಯೋಗ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದೇ ಮೊದಲ ಸಮಸ್ಯೆ. ಗೆರೆಯನ್ನು ತುಂಬಾ ಆಚೆ ಎಳೆದರೆ ನಿಜವಾದ ಅಪಾಯವೂ ತಪ್ಪಿಸಿಕೊಳ್ಳುತ್ತದೆ. ತುಂಬಾ ಈಚೆ ಎಳೆದರೆ ಟಿಬಿ ಸಂಶೋಧಕರೂ ಸಿಕ್ಕಿಬೀಳುತ್ತಾರೆ. 2025ರ ಆದೇಶದಲ್ಲಿ ಆಗಿದ್ದು ಎರಡನೆಯದು. ಔಷಧಿಗೆ ಬಗ್ಗದಂತೆ ರೋಗಾಣುವನ್ನು ಬದಲಿಸುವುದನ್ನೂ ಅದು ಅಪಾಯದ ಪಟ್ಟಿಯಲ್ಲಿ ಸೇರಿಸಿದೆ. ಟಿಬಿ ಬ್ಯಾಕ್ಟೀರಿಯಾ ಔಷಧಿಯನ್ನು ಹೇಗೆ ಎದುರಿಸುತ್ತದೆ ಎಂದು ನೋಡುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ?

ಫೆರೆಟ್ ಪಂಜರಗಳ ನಡುವಿನ ಗಾಳಿ

ಈ ಜಗಳ ಲೋಕದ ಮುಂದೆ ಬಂದಿದ್ದು 2011ರಲ್ಲಿ. ಎಚ್5ಎನ್1 ಹಕ್ಕಿ ಜ್ವರ ಆಗ ಎಲ್ಲರ ತಲೆನೋವಾಗಿತ್ತು. ಕೋಳಿಗಳಿಂದ ಮನುಷ್ಯರಿಗೆ ಅಪರೂಪಕ್ಕೆ ತಗಲುತ್ತಿತ್ತು. ಆದರೆ ಸೋಂಕು ಖಚಿತವಾದವರಲ್ಲಿ ಸುಮಾರು 60% ಜನ ಸಾಯುತ್ತಿದ್ದರು. ಸಮಾಧಾನದ ವಿಷಯ ಒಂದೇ: ಅದು ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುತ್ತಿರಲಿಲ್ಲ. ಮುಂದೆಯೂ ಹಾಗೆಯೇ ಇರುತ್ತದಾ, ಅಥವಾ ಕೆಲವೇ ಬದಲಾವಣೆಗಳಿಂದ ಗಾಳಿಯಲ್ಲಿ ಹರಡಲು ಕಲಿಯುತ್ತದಾ?

ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ರಾನ್ ಫೌಶಿಯರ್ ಅವರ ತಂಡ ಇದನ್ನು ಫೆರೆಟ್‌ಗಳ ಮೇಲೆ ನೋಡಿತು. ಫೆರೆಟ್ ಅಂದರೆ ಮುಂಗುಸಿಯ ಹಾಗೆ ಕಾಣುವ ಉದ್ದ ಮೈಯ ಪುಟ್ಟ ಪ್ರಾಣಿ. ಫ್ಲೂ ಬಂದರೆ ಅದಕ್ಕೂ ಮನುಷ್ಯರಂತೆ ಸೀನು, ಜ್ವರ ಬರುತ್ತದೆ. ತಂಡ ಮೊದಲು ವೈರಸ್ಸಿನಲ್ಲಿ ಕೆಲವು ಬದಲಾವಣೆಗಳನ್ನು ತಾನೇ ಮಾಡಿತು. ಆಮೇಲೆ ಅದನ್ನು ಒಂದು ಫೆರೆಟ್‌ನ ಮೂಗಿಗೆ ಹಾಕಿತು. ಅದಕ್ಕೆ ಕಾಯಿಲೆಯಾದ ಮೇಲೆ ಅದರಿಂದ ವೈರಸ್ ತೆಗೆದು ಮುಂದಿನ ಫೆರೆಟ್‌ಗೆ, ಅದರಿಂದ ಇನ್ನೊಂದಕ್ಕೆ. ಹೀಗೆ 10 ಸುತ್ತು. ಪ್ರತಿ ಸುತ್ತಿನಲ್ಲೂ ಫೆರೆಟ್‌ನ ಮೈಗೆ ಹೊಂದಿಕೊಂಡ ವೈರಸ್ಸೇ ಮುಂದೆ ಹೋಗುತ್ತದೆ. ಕೊನೆಗೆ ಪಕ್ಕಪಕ್ಕದಲ್ಲಿಟ್ಟ, ಒಂದಕ್ಕೊಂದು ತಾಗದ ಪಂಜರಗಳಲ್ಲಿದ್ದ ಆರೋಗ್ಯವಂತ ಫೆರೆಟ್‌ಗಳಿಗೂ ಸೋಂಕು ಬಂತು. ನಡುವೆ ಇದ್ದಿದ್ದು ಗಾಳಿ ಮಾತ್ರ. ಹೀಗೆ ಗಾಳಿಯಿಂದ ಸೋಂಕು ಬಂದ ಫೆರೆಟ್‌ಗಳು ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಪತ್ರಿಕೆಗಳ ಮೊದಲ ಸುದ್ದಿಗಳಲ್ಲಿ ಇದು ಕಾಣಲೇ ಇಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಯೊಶಿಹಿರೊ ಕವಾವೊಕಾ ಅವರ ತಂಡ ಬೇರೆ ದಾರಿಯಲ್ಲಿ ಅಂಥದ್ದೇ ಫಲಿತಾಂಶ ಕಂಡಿತ್ತು.

ಅಮೆರಿಕದ ಜೈವಿಕ ಭದ್ರತೆಯ ಸಲಹಾ ಮಂಡಳಿ ಡಿಸೆಂಬರ್ 2011ರಲ್ಲಿ, ಪ್ರಯೋಗದ ಪೂರ್ತಿ ವಿವರ ಪ್ರಕಟಿಸಬೇಡಿ ಎಂದಿತು. ಜನವರಿ 2012ರಲ್ಲಿ ಸಂಶೋಧಕರು ತಾವಾಗಿಯೇ 60 ದಿನ ಕೆಲಸ ನಿಲ್ಲಿಸಿದರು. ಅದು ಸುಮಾರು ಒಂದು ವರ್ಷಕ್ಕೆ ಎಳೆಯಿತು. ಮಾರ್ಚ್‌ನಲ್ಲಿ ಅದೇ ಮಂಡಳಿ ಮನಸ್ಸು ಬದಲಿಸಿ ಪ್ರಕಟಣೆಗೆ ಒಪ್ಪಿತು. ನೆದರ್‌ಲೆಂಡ್ಸ್ ಸರ್ಕಾರವಂತೂ ಪ್ರಬಂಧವನ್ನು ದೇಶದ ಹೊರಗೆ ಕಳಿಸಲು ರಫ್ತು ಪರವಾನಗಿ ಬೇಕು ಎಂದು ಪಟ್ಟು ಹಿಡಿಯಿತು. ಫೌಶಿಯರ್ ಪ್ರತಿಭಟಿಸುತ್ತಲೇ ಅರ್ಜಿ ಹಾಕಿದರು. 2012ರ ಮೇ, ಜೂನ್‌ನಲ್ಲಿ ಎರಡೂ ಪ್ರಬಂಧಗಳು ಹೊರಬಂದವು.

ಇಲ್ಲಿ ಕಾಲಕ್ರಮ ನೋಡಿ. ಇಷ್ಟು ದೊಡ್ಡ ಚರ್ಚೆ ನಡೆದಿದ್ದು ಪ್ರಯೋಗ ಮುಗಿದ ಮೇಲೆ. ವೈರಸ್ ಆಗಲೇ ಲ್ಯಾಬಿನ ಫ್ರೀಜರ್‌ನಲ್ಲಿತ್ತು. ಕಾಗದದ ಮೇಲಿನ ವಿವರ ಮುಚ್ಚಿಡಬೇಕಾ ಬೇಡವಾ ಎಂಬುದಷ್ಟೇ ಉಳಿದ ಪ್ರಶ್ನೆ. ಈ ವೈರಸ್ ತಯಾರಾಗಬೇಕಾ ಎಂಬ ಮುಖ್ಯ ಪ್ರಶ್ನೆಯನ್ನು ಹೊರಗಿನವರು ಕೇಳುವ ಹೊತ್ತಿಗೆ ಉತ್ತರ ಕೊಟ್ಟಾಗಿತ್ತು.

ಮಾಡಲೇಬೇಕು ಅನ್ನುವವರ ಮಾತು

ಇಂಥ ಪ್ರಯೋಗ ಮಾಡುವವರನ್ನು ಹುಚ್ಚು ಸಾಹಸಿಗಳು ಎಂದು ಸುಮ್ನೆ ತಳ್ಳಿಹಾಕುವುದು ಅನ್ಯಾಯ. ಪ್ರಕೃತಿ ದಿನವೂ ಇದೇ ಪ್ರಯೋಗ ನಡೆಸುತ್ತಿದೆ ಎನ್ನುತ್ತಾರೆ ಅವರು. ಲಕ್ಷಾಂತರ ಕೋಳಿಗಳಲ್ಲಿ, ಕಾಡು ಹಕ್ಕಿಗಳಲ್ಲಿ ವೈರಸ್ ಬದಲಾಗುತ್ತಲೇ ಇರುತ್ತದೆ. ಯಾವ ಬದಲಾವಣೆ ಅಪಾಯದ ಗುರುತು ಎಂದು ಮೊದಲೇ ಗೊತ್ತಿದ್ದರೆ, ಹೊಲ, ಫಾರಂಗಳಿಂದ ಬರುವ ಮಾದರಿಗಳಲ್ಲಿ ಅದನ್ನು ಹುಡುಕಬಹುದು.

2024ರ ಮಾರ್ಚ್‌ನಲ್ಲಿ ಅಮೆರಿಕದ ಹೈನು ಹಸುಗಳಲ್ಲಿ ಎಚ್5ಎನ್1 ಕಂಡಾಗ ವಿಜ್ಞಾನಿಗಳು ತಕ್ಷಣ ಮಾಡಿದ್ದು ಇದನ್ನೇ. ವೈರಸ್ಸಿನ ಜೀನುಗಳನ್ನು ಓದಿ, ಸಸ್ತನಿಗಳಿಗೆ ಹೊಂದಿಕೊಳ್ಳುವ ಗುರುತುಗಳು ಇವೆಯಾ ಎಂದು ನೋಡಿದರು. ಯಾವ ಗುರುತು ಹುಡುಕಬೇಕು ಎಂಬ ತಿಳಿವಳಿಕೆಯ ಒಂದು ಪಾಲು ಬಂದಿದ್ದು ಇಂಥ ಲ್ಯಾಬುಗಳಿಂದ. ಸಾಂಕ್ರಾಮಿಕ ಬಾಗಿಲಿಗೆ ಬಂದ ಮೇಲೆ ಓದಲು ಕೂತರೆ ತಡವಾಗುತ್ತದೆ ಎಂಬ ಅವರ ಮಾತು ಕಡೆಗಣಿಸುವಂಥದ್ದಲ್ಲ. 2014ರಲ್ಲಿ ‘ಸೈಂಟಿಸ್ಟ್ಸ್ ಫಾರ್ ಸೈನ್ಸ್’ ಎಂಬ ಗುಂಪು ಕಟ್ಟಿಕೊಂಡವರು, ಅಪಾಯಕಾರಿ ರೋಗಾಣುಗಳ ಮೇಲಿನ ಸಂಶೋಧನೆಯನ್ನು ಸುರಕ್ಷಿತವಾಗಿ ಮಾಡಬಹುದು, ಮಾಡಬೇಕು ಎಂದು ವಾದಿಸಿದರು.

ಬೇಡ ಅನ್ನುವವರ ಲೆಕ್ಕ

ಅದೇ ವರ್ಷ ‘ಕೇಂಬ್ರಿಡ್ಜ್ ವರ್ಕಿಂಗ್ ಗ್ರೂಪ್’ ಎಂಬ ಇನ್ನೊಂದು ಗುಂಪು ಹುಟ್ಟಿತು. ಹಾರ್ವರ್ಡ್‌ನ ಸಾಂಕ್ರಾಮಿಕ ರೋಗ ತಜ್ಞ ಮಾರ್ಕ್ ಲಿಪ್‌ಸಿಚ್ ಅದರ ಮುಂಚೂಣಿಯಲ್ಲಿದ್ದರು. ಅವರು ವಿಜ್ಞಾನದ ವಿರೋಧಿಗಳಲ್ಲ. ಅವರ ಪ್ರಶ್ನೆ ಲೆಕ್ಕದ್ದು: ಒಂದು ಲ್ಯಾಬಿನಲ್ಲಿ ಒಂದು ವರ್ಷದಲ್ಲಿ ಅವಘಡ ಆಗುವ ಸಾಧ್ಯತೆ ತೀರಾ ಕಡಿಮೆ ಇರಬಹುದು. ಆದರೆ ಆ ಅವಘಡದಿಂದ ಲಕ್ಷಗಟ್ಟಲೆ ಜನ ಸಾಯಬಹುದಾದರೆ, ಕಡಿಮೆ ಸಾಧ್ಯತೆ ಎಂಬುದು ಸಮಾಧಾನದ ಮಾತಾಗುತ್ತದಾ? ಲ್ಯಾಬುಗಳು, ವರ್ಷಗಳು ಹೆಚ್ಚಾದ ಹಾಗೆ ಆ ಸಾಧ್ಯತೆಯೂ ಕೂಡುತ್ತಾ ಹೋಗುತ್ತದೆ. ಜತೆಗೆ, ಲಸಿಕೆ ತಯಾರಿಸಲು ಇಂಥ ವೈರಸ್ ಸೃಷ್ಟಿಸಲೇಬೇಕು ಎಂದೇನಿಲ್ಲ, ಸುರಕ್ಷಿತ ದಾರಿಗಳಿವೆ ಎಂಬುದು ಅವರ ವಾದ.

ಅಪಾಯ ಎಷ್ಟು ಎಂಬುದರ ಅಂಕಿಗಳ ಬಗ್ಗೆ ಎರಡೂ ಕಡೆಯವರು ಒಪ್ಪುವುದಿಲ್ಲ. ಫೌಶಿಯರ್ ಈ ಲೆಕ್ಕವನ್ನು ಕಟುವಾಗಿ ಪ್ರಶ್ನಿಸಿದರು. ಎಲ್ಲಾ ಲ್ಯಾಬುಗಳ ಸರಾಸರಿ ಹಿಡಿದು ತಮ್ಮ ವಿಶೇಷ ಭದ್ರತೆಯ ಲ್ಯಾಬನ್ನು ಅಳೆಯಬಾರದು ಎಂದರು. ಅದರಲ್ಲಿ ಸತ್ಯವಿದೆ. ಆದರೆ ಲ್ಯಾಬಿನಿಂದ ವೈರಸ್ ಹೊರಬರುತ್ತದೆ ಎಂಬುದು ಬರೀ ಊಹೆಯಲ್ಲ.

2003ರಲ್ಲಿ ಸಾರ್ಸ್ ಸಾಂಕ್ರಾಮಿಕ ನಿಂತ ಮೇಲೆ ಸಿಂಗಾಪುರ, ತೈವಾನ್, ಬೀಜಿಂಗ್‌ಗಳ ಲ್ಯಾಬುಗಳಲ್ಲಿ ಕೆಲಸ ಮಾಡುವವರಿಗೆ ಅದು ತಗಲಿತು. 2004ರಲ್ಲಿ ಬೀಜಿಂಗ್‌ನಲ್ಲಿ ಅದು ಹೊರಗೂ ಹರಡಿ, ಲ್ಯಾಬಿನ ವಿದ್ಯಾರ್ಥಿನಿಯೊಬ್ಬರ ತಾಯಿ ತೀರಿಕೊಂಡರು. 1977ರಲ್ಲಿ ಜಗತ್ತಿಗೆ ಮರಳಿ ಬಂದ ಎಚ್1ಎನ್1 ಫ್ಲೂ, 1950ರ ದಶಕದ ತಳಿಯನ್ನು ಬಹುತೇಕ ಹೋಲುತ್ತಿತ್ತು. ಪ್ರಕೃತಿಯಲ್ಲಿ ಓಡಾಡುವ ಫ್ಲೂ ವೈರಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆ ಬದಲಾಗದೆ ಉಳಿಯುವುದಿಲ್ಲ. ಹಾಗಾಗಿ ಲ್ಯಾಬಿನಿಂದಲೋ ಲಸಿಕೆ ಪರೀಕ್ಷೆಯಿಂದಲೋ ಅದು ಬಂದಿರಬೇಕು ಎಂಬುದು ಹಲವು ತಜ್ಞರ ಅಭಿಪ್ರಾಯ.

ತಪ್ಪು ಹೇಗೆ ಆಗುತ್ತದೆ: 51 ನಿಮಿಷದ ಕೆಲಸ

ಲ್ಯಾಬ್ ಅವಘಡ ಅಂದ ತಕ್ಷಣ ಸ್ಫೋಟ, ಒಡೆದ ಗಾಜು ನೆನಪಾಗುತ್ತದೆ. ವರದಿಗಳನ್ನು ಓದಿದರೆ ಕಾಣುವುದೇ ಬೇರೆ. ಅಲ್ಲಿ ಅವಸರ, ದುಡ್ಡು, ಮುಂದೂಡಿದ ರಿಪೇರಿಗಳೇ ಜಾಸ್ತಿ.

ಅಮೆರಿಕದ ಸಿಡಿಸಿ ಅಂದರೆ ರೋಗ ನಿಯಂತ್ರಣದಲ್ಲಿ ಜಗತ್ತೇ ಮಾದರಿ ಎಂದು ನೋಡುವ ಸಂಸ್ಥೆ. 2014ರಲ್ಲಿ ಅಲ್ಲಿಂದ ಕೃಷಿ ಇಲಾಖೆಯ ಕೋಳಿ ಲ್ಯಾಬಿಗೆ ಸೌಮ್ಯವಾದ ಫ್ಲೂ ವೈರಸ್ ಕಳಿಸಿದ್ದರು. ಅಲ್ಲಿ ಕೋಳಿಗಳು ಸತ್ತವು. ನೋಡಿದರೆ ಮಾದರಿಯಲ್ಲಿ ಮಾರಕ ಎಚ್5ಎನ್1 ಬೆರೆತಿತ್ತು. ಸಿಡಿಸಿಯ ತನಿಖೆ ಒಂದು ಸಣ್ಣ ವಿವರವನ್ನು ಹೊರತೆಗೆಯಿತು. ಎರಡೂ ವೈರಸ್‌ಗಳನ್ನು ಒಂದೇ ದಿನ ನಿಭಾಯಿಸಿದ್ದ ವಿಜ್ಞಾನಿಗೆ ಮಧ್ಯಾಹ್ನ ಒಂದು ಮೀಟಿಂಗ್ ಇತ್ತು. ಸರಿಯಾಗಿ ಮಾಡಿದರೆ ಕನಿಷ್ಠ 90 ನಿಮಿಷ ಹಿಡಿಯುವ ಕೆಲಸ 51 ನಿಮಿಷದಲ್ಲಿ ಮುಗಿದಿತ್ತು. ಬೆರಕೆಯಾಗಿದೆ ಎಂದು ಕೆಳಗಿನವರಿಗೆ ತಿಳಿದ ಮೇಲೂ ಸಂಸ್ಥೆಯ ಹಿರಿಯರ ಕಿವಿಗೆ ಬೀಳಲು ಆರು ವಾರ ದಾಟಿತು.

ಆ ವಿಜ್ಞಾನಿಯನ್ನು ಬೈದು ಪ್ರಯೋಜನವಿಲ್ಲ. ಕೆಲಸದ ಒತ್ತಡ ಎಲ್ಲಾ ಲ್ಯಾಬಿನಲ್ಲೂ ಇದೆ. ಅವಸರ ಮಾಡಿದರೆ ತಡೆಯುವಂಥ ವ್ಯವಸ್ಥೆ ಅಲ್ಲಿ ಇರಲಿಲ್ಲ ಎಂಬುದೇ ಚಿಂತೆಯ ವಿಷಯ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ 1978ರ ಘಟನೆ ಇನ್ನೂ ನೋವಿನದು. ಅದರ ಹಿಂದಿನ ವರ್ಷವಷ್ಟೇ ಸೊಮಾಲಿಯಾದಲ್ಲಿ ಸಹಜವಾಗಿ ಬಂದ ಕೊನೆಯ ಸಿಡುಬಿನ ಪ್ರಕರಣ ಕಂಡಿತ್ತು. ಉಳಿದ ವೈರಸ್ ಆದಷ್ಟು ಕಡಿಮೆ ಲ್ಯಾಬುಗಳಲ್ಲಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಯಸಿತ್ತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಲ್ಯಾಬು ಸಂಸ್ಥೆಯ ಮಾನದಂಡಕ್ಕೆ ಸರಿಹೊಂದುವುದಿಲ್ಲ ಎಂಬ ಕಳವಳವನ್ನೂ ತಿಳಿಸಿತ್ತು. ಆ ವರ್ಷದ ಕೊನೆಗೆ ಲ್ಯಾಬು ಮುಚ್ಚಬೇಕಿತ್ತು. ಹಾಗಾಗಿ ಉಳಿದ ಕೆಲಸ ಮುಗಿಸುವ ಅವಸರ ಶುರುವಾಯಿತು. ಆಗಸ್ಟ್‌ನಲ್ಲಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮೆಡಿಕಲ್ ಫೋಟೋಗ್ರಾಫರ್‌ಗೆ ಸಿಡುಬು ಬಂತು. ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಜಗತ್ತಿನಲ್ಲಿ ಸಿಡುಬಿನಿಂದ ಸತ್ತ ಕೊನೆಯ ವ್ಯಕ್ತಿ ಅವರು. ಲ್ಯಾಬಿನ ಮುಖ್ಯಸ್ಥರೂ ಅದೇ ದಿನಗಳಲ್ಲಿ ಪ್ರಾಣ ಕಳೆದುಕೊಂಡರು. ವೈರಸ್ ಮೇಲಿನ ಮಹಡಿಗೆ ಹೇಗೆ ಹೋಯಿತು ಎಂಬುದು ಇಂದಿಗೂ ಖಚಿತವಾಗಿಲ್ಲ.

ಇನ್ನು ಮೂರನೆಯದು ಇಂಗ್ಲೆಂಡಿನ ಪರ್‌ಬ್ರೈಟ್. 2007ರಲ್ಲಿ ಅಲ್ಲಿನ ಸಂಶೋಧನಾ ಆವರಣದ ಹತ್ತಿರದ ದನಗಳಿಗೆ ಕಾಲುಬಾಯಿ ರೋಗ ಬಂತು. ತಳಿ ನೋಡಿದರೆ ಲ್ಯಾಬಿನದೇ. ಆವರಣದ ನೆಲದಡಿಯ ಚರಂಡಿ ಪೈಪು ಹಳೆಯದಾಗಿ ಒಡೆದಿತ್ತು. ವೈರಸ್ ಇದ್ದ ನೀರು ಮಣ್ಣಿಗೆ ಸೇರಿ, ಅಲ್ಲಿ ನಡೆಯುತ್ತಿದ್ದ ಕಟ್ಟಡ ಕಾಮಗಾರಿಯ ವಾಹನಗಳ ಚಕ್ರಕ್ಕೆ ಅಂಟಿ ಹೊರಗೆ ಹೋಗಿರಬೇಕು ಎಂದು ತನಿಖೆಗಳು ಹೇಳಿದವು. ಪೈಪು ರಿಪೇರಿ ಮಾಡಬೇಕು ಎಂಬುದು ಮೊದಲೇ ಗೊತ್ತಿತ್ತು. ಆವರಣವನ್ನು ಹಂಚಿಕೊಂಡಿದ್ದ ಸರ್ಕಾರಿ ಸಂಸ್ಥೆ ಮತ್ತು ಲಸಿಕೆ ಕಂಪನಿಯ ನಡುವೆ ಖರ್ಚು ಯಾರದು ಎಂಬ ತಗಾದೆ ಬಗೆಹರಿದಿರಲಿಲ್ಲ.

ಅಲ್ಲಿ ಪೈಪಿಗಿಂತ ದೊಡ್ಡ ಬಿರುಕು ಇನ್ನೊಂದಿತ್ತು. ಆ ಲ್ಯಾಬಿಗೆ ಪರವಾನಗಿ ಕೊಡುವ, ತಪಾಸಣೆ ಮಾಡುವ ಇಲಾಖೆಯೇ ಅದರ ಸಂಶೋಧನೆಯ ದೊಡ್ಡ ಗ್ರಾಹಕನೂ ಆಗಿತ್ತು. ಕೆಲಸ ಬೇಗ ಆಗಲಿ ಎನ್ನುವವರೂ ಕೆಲಸ ನಿಲ್ಲಿಸಿ ಎನ್ನಬೇಕಾದವರೂ ಒಂದೇ ಸೂರಿನಡಿ ಇದ್ದರು. ಆಮೇಲೆ ಬಂದ ಶಿಫಾರಸಿನಂತೆ ತಪಾಸಣೆಯ ಹೊಣೆ, ಸಂಶೋಧನೆಯಲ್ಲಿ ಪಾಲಿಲ್ಲದ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಕೈಗೆ ಹೋಯಿತು.

ನಿಯಮಗಳು ಬಂದವು, ಸೋರಿಹೋದವು

ಈಗ ಅಮೆರಿಕದ ಕಥೆಗೆ ಮರಳೋಣ. 2014ರಲ್ಲಿ ಎಚ್5ಎನ್1 ಬೆರಕೆಯಷ್ಟೇ ಅಲ್ಲದೆ, ಸಿಡಿಸಿಯ ಸುಮಾರು 80 ಸಿಬ್ಬಂದಿ ಆಂಥ್ರಾಕ್ಸ್‌ಗೆ ಒಡ್ಡಿಕೊಂಡಿರಬಹುದು ಎಂಬ ಸುದ್ದಿಯೂ ಬಂತು. ಬೆಥೆಸ್ಡಾದ ಸರ್ಕಾರಿ ಆವರಣವೊಂದರ ಶೀತಲ ಕೋಣೆಯಲ್ಲಿ 1950ರ ದಶಕದ ಸಿಡುಬು ವೈರಸ್ ಸೀಸೆಗಳು ಸಿಕ್ಕವು. ಸರ್ಕಾರ ಗಾಬರಿಯಾಯಿತು. ಅಕ್ಟೋಬರ್‌ನಲ್ಲಿ ಫ್ಲೂ, ಸಾರ್ಸ್, ಮರ್ಸ್ ವೈರಸ್‌ಗಳ ಬಲ ಹೆಚ್ಚಿಸುವ ಪ್ರಯೋಗಗಳಿಗೆ ಹಣ ನಿಲ್ಲಿಸಿತು. ಆ ತಡೆ ತೆರವಾಗಿದ್ದು ಡಿಸೆಂಬರ್ 2017ರಲ್ಲಿ.

ಅದರ ಬದಲಿಗೆ ಬಂದಿದ್ದು ಒಂದು ಪರಿಶೀಲನಾ ವ್ಯವಸ್ಥೆ. ಸಾಂಕ್ರಾಮಿಕ ಹುಟ್ಟಿಸಬಲ್ಲ ವೈರಸ್ ತಯಾರಾಗುವ ಸಾಧ್ಯತೆ ಇದ್ದರೆ, ಹಣ ಕೊಡುವ ಮೊದಲು ಆರೋಗ್ಯ ಇಲಾಖೆಯ ಸಮಿತಿ ನೋಡಬೇಕು ಎಂದಿತ್ತು. ಕೇಳಲು ಸರಿಯಾಗಿಯೇ ಇದೆ. ಆದರೆ ಯಾವ ಪ್ರಸ್ತಾವ ಸಮಿತಿಗೆ ಹೋಗಬೇಕು ಎಂದು ಮೊದಲು ತೀರ್ಮಾನಿಸುತ್ತಿದ್ದವರು ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನವರು, ಅಂದರೆ ಹಣ ಕೊಡುವವರೇ. ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಗುಟ್ಟಾಗಿತ್ತು. ವರ್ಷಗಳು ಕಳೆದರೂ ಸಮಿತಿಯ ಮುಂದೆ ಬಂದ ಯೋಜನೆಗಳು ಬೆರಳೆಣಿಕೆಯಷ್ಟು. ಇನ್ನೊಂದು ತೂತು ಇನ್ನೂ ದೊಡ್ಡದು: ಸರ್ಕಾರದ ಹಣ ಮುಟ್ಟದ ಪ್ರಯೋಗಕ್ಕೆ ಈ ನಿಯಮ ಅನ್ವಯಿಸುತ್ತಲೇ ಇರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಈ ತೂತನ್ನು ಎಲ್ಲರಿಗೂ ತೋರಿಸಿತು. ಅಲ್ಲಿನ ತಂಡ ಕೋವಿಡ್‌ನ ಮೂಲ ತಳಿಗೆ ಓಮಿಕ್ರಾನ್‌ನ ಸ್ಪೈಕ್ ಪ್ರೋಟೀನ್ ಜೋಡಿಸಿತ್ತು. ಈ ಮಿಶ್ರ ವೈರಸ್ ಸೋಂಕಿದ ಇಲಿಗಳಲ್ಲಿ 80% ಸತ್ತವು. ‘ಮಾರಕ ಹೊಸ ಕೋವಿಡ್’ ಎಂದು ಸುದ್ದಿ ಹರಡಿತು. ಆದರೆ ಮೂಲ ತಳಿ ಅದೇ ಬಗೆಯ ಇಲಿಗಳಲ್ಲಿ ಎಲ್ಲವನ್ನೂ ಕೊಂದಿತ್ತು. ಹಾಗಾಗಿ ನಮ್ಮದು ಮೂಲಕ್ಕಿಂತ ಕಡಿಮೆ ಮಾರಕ ಎಂದಿತು ವಿಶ್ವವಿದ್ಯಾಲಯ. ಓಮಿಕ್ರಾನ್‌ಗೆ ಹೋಲಿಸಿದರೆ ಹೆಚ್ಚು ಮಾರಕ ಅಲ್ವಾ ಎಂದರು ಟೀಕಾಕಾರರು. ಎರಡೂ ನಿಜ. ಯಾವುದಕ್ಕೆ ಹೋಲಿಸಬೇಕು ಎಂದು ನಿಯಮ ಸ್ಪಷ್ಟವಾಗಿ ಹೇಳದಿದ್ದರೆ ಇಂಥ ವಾದಕ್ಕೆ ಕೊನೆಯೇ ಇರುವುದಿಲ್ಲ.

ಮೊದಲೇ ನಮ್ಮನ್ನು ಕೇಳಬೇಕಿತ್ತು ಎಂದಿತು ಎನ್‌ಐಎಚ್. ಈ ಪ್ರಯೋಗಕ್ಕೆ ನೇರವಾಗಿ ನಿಮ್ಮ ಹಣ ಬಳಸಿಲ್ಲ, ನಮ್ಮ ಸಮಿತಿ ಮತ್ತು ನಗರದ ಆರೋಗ್ಯ ಆಯೋಗ ಒಪ್ಪಿಗೆ ಕೊಟ್ಟಿವೆ ಎಂದಿತು ವಿಶ್ವವಿದ್ಯಾಲಯ. ತಂಡ ಕಳ್ಳತನದಿಂದ ಏನೂ ಮಾಡಿರಲಿಲ್ಲ. ಇದ್ದ ನಿಯಮಗಳ ಪ್ರಕಾರವೇ ನಡೆದಿತ್ತು. ಆದರೂ ದೇಶದ ಮುಖ್ಯ ಆರೋಗ್ಯ ಸಂಶೋಧನಾ ಸಂಸ್ಥೆಗೆ ವಿಷಯ ತಿಳಿದಿದ್ದು ಎಲ್ಲಾ ಮುಗಿದ ಮೇಲೆ. 2011ರಲ್ಲಿ ಆಗಿದ್ದೇ ಮತ್ತೆ ಆಯಿತು.

ಕೋವಿಡ್ ತಂದ ಗದ್ದಲ

ಕೋವಿಡ್ ವೈರಸ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಈ ಚರ್ಚೆಗೆ ರಾಜಕೀಯದ ಬಿಸಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಜೂನ್ 2025ರಲ್ಲಿ, ಸಿಕ್ಕಿರುವ ಪುರಾವೆಯ ತೂಕ ಪ್ರಾಣಿಗಳಿಂದ ಬಂದಿರುವ ಕಡೆಗಿದೆ, ಆದರೆ ಚೀನಾ ಕೇಳಿದ ಮಾಹಿತಿ ಕೊಡದಿರುವುದರಿಂದ ಲ್ಯಾಬಿನ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು. ಅಮೆರಿಕದ ಸಿಐಎ ಅದೇ ವರ್ಷ ಜನವರಿಯಲ್ಲಿ ಲ್ಯಾಬಿನ ಕಡೆಗೆ ವಾಲಿತು. ತನ್ನ ಈ ತೀರ್ಮಾನದ ಮೇಲೆ ವಿಶ್ವಾಸ ಕಡಿಮೆ ಎಂದೂ ಅದೇ ಹೇಳಿತು.

ಉತ್ತರ ಯಾವುದೇ ಇರಲಿ, ಉಸ್ತುವಾರಿಯ ಪ್ರಶ್ನೆ ಅದರ ಮೇಲೆ ನಿಂತಿಲ್ಲ. ಕೋವಿಡ್ ನೂರಕ್ಕೆ ನೂರು ಮಾರುಕಟ್ಟೆಯಿಂದಲೇ ಬಂದಿದ್ದರೂ ಬರ್ಮಿಂಗ್‌ಹ್ಯಾಮ್, ಪರ್‌ಬ್ರೈಟ್ ಆಗಿಲ್ಲ ಎಂದಾಗುವುದಿಲ್ಲ. ಆದರೆ ಕೋವಿಡ್ ಮೂಲದ ಪ್ರಶ್ನೆ, ಉಸ್ತುವಾರಿಯ ಪ್ರಶ್ನೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ, ಸುರಕ್ಷತೆಯ ಬಗ್ಗೆ ಮಾತನಾಡುವ ಪ್ರತಿಯೊಬ್ಬರೂ ಯಾವುದೋ ಒಂದು ಪಕ್ಷದವರು ಎಂಬ ಅನುಮಾನಕ್ಕೆ ಗುರಿಯಾಗುತ್ತಿದ್ದಾರೆ. ಇದು ದೊಡ್ಡ ನಷ್ಟ.

ಈಗಿನ ಆದೇಶದಿಂದ ಏನಾಗಬಹುದು?

2024ರ ಮೇ ತಿಂಗಳಲ್ಲಿ ಹಿಂದಿನ ಸರ್ಕಾರ ಒಂದು ವಿಸ್ತಾರವಾದ ನೀತಿ ಪ್ರಕಟಿಸಿತ್ತು. ಅದು ಜಾರಿಗೆ ಬರಬೇಕಿದ್ದ ದಿನ 2025ರ ಮೇ 6. ಟ್ರಂಪ್ ಸಹಿ ಹಾಕಿದ್ದು ಅದರ ಹಿಂದಿನ ದಿನ. ಒಂದು ವರ್ಷ ತಯಾರಿ ಮಾಡಿಕೊಂಡಿದ್ದ ವಿಶ್ವವಿದ್ಯಾಲಯಗಳಿಗೆ, ಆ ನೀತಿಯೂ ಬದಲಾಗಲಿದೆ ಎಂದು ಜಾರಿಯ ಮುನ್ನಾ ದಿನ ತಿಳಿಯಿತು.

ಆದೇಶದಲ್ಲಿ ಹಲ್ಲುಗಳಿವೆ. ನಿಯಮ ಮುರಿದವರಿಗೆ ಐದು ವರ್ಷದವರೆಗೆ ಸರ್ಕಾರದ ಸಂಶೋಧನಾ ಹಣ ಸಿಗದಂತೆ ಮಾಡಬಹುದು. ವ್ಯಾಖ್ಯೆ ಅಗಲವಾಗಿದ್ದು ಶಿಕ್ಷೆ ಕಠಿಣವಾದಾಗ ಆಗುವ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ನಿಜವಾಗಿ ಅಪಾಯದ ಕೆಲಸ ಮಾಡುವ ನಾಲ್ಕು ಲ್ಯಾಬುಗಳ ಜತೆ, ಅದಕ್ಕೆ ಸಂಬಂಧವೇ ಇಲ್ಲದ ನೂರು ಲ್ಯಾಬುಗಳೂ ಹೆದರುತ್ತವೆ. ಯುವ ಸಂಶೋಧಕರು ಈ ಕ್ಷೇತ್ರದ ಸಹವಾಸವೇ ಬೇಡ ಎನ್ನುತ್ತಾರೆ. ನಾಳೆ ಹೊಸ ವೈರಸ್ ಬಂದರೆ ಅದನ್ನು ಬಲ್ಲವರು ಕಡಿಮೆಯಾಗಿರುತ್ತಾರೆ.

ಎರಡನೆಯ ಪರಿಣಾಮ ಹಣದ ದಾರಿ ಬದಲಾಗುವುದು. ಒಂದು ದೇಶದಲ್ಲಿ ಸರ್ಕಾರದ ಹಣ ನಿಂತರೆ, ಕೆಲವು ಕೆಲಸ ಖಾಸಗಿ ಹಣಕ್ಕೆ ಅಥವಾ ಬೇರೆ ದೇಶಕ್ಕೆ ಜಾರಬಹುದು. ಅಲ್ಲಿ ತಪಾಸಣೆ ಇನ್ನೂ ಸಡಿಲವಾಗಿರಬಹುದು. ಅಮೆರಿಕದ ಹಣ ಪಡೆದ ಲ್ಯಾಬನ್ನು ಕನಿಷ್ಠ ಪ್ರಶ್ನೆ ಕೇಳುವ ಹಕ್ಕಾದರೂ ಅಮೆರಿಕಕ್ಕೆ ಇರುತ್ತಿತ್ತು.

ಹಾಗಂತ ಆದೇಶ ಪೂರ್ತಿ ತಪ್ಪು ಎನ್ನಲಾಗದು. ಸರ್ಕಾರದ ಹಣವಿಲ್ಲದ ಪ್ರಯೋಗಗಳನ್ನೂ ಹೇಗೆ ಗಮನಿಸಬೇಕು ಎಂಬ ಯೋಜನೆ ರೂಪಿಸಿ ಎಂದು ಅದು ಹೇಳಿದೆ. ಬಾಸ್ಟನ್ ಪ್ರಕರಣದ ತೂತು ಮುಚ್ಚಲು ಬೇಕಿರುವುದು ಅದೇ. ಆದರೆ ತಡೆ ಹಾಕುವುದು ಒಂದು ದಿನದ ಕೆಲಸ. ಯಾವ ಪ್ರಯೋಗ ನಡೆಯಬಹುದು, ಯಾವುದು ಬೇಡ ಎಂದು ಒಂದೊಂದನ್ನೂ ಕೂತು ನೋಡುವ, ವಿಷಯ ಬಲ್ಲ, ಯಾರ ಹಂಗಿಲ್ಲದ ಸಂಸ್ಥೆ ಕಟ್ಟುವುದು ವರ್ಷಗಳ ಕೆಲಸ. ಅಮೆರಿಕ ಮೊದಲನೆಯದನ್ನು 2014ರಲ್ಲೂ ಮಾಡಿತ್ತು. ಎರಡನೆಯದನ್ನು ಇನ್ನೂ ಮಾಡಿಲ್ಲ.

ಬೇರೆ ಕಡೆ ಮಾಡಿ ತೋರಿಸಿದ್ದಾರೆ

ಇಂಥ ಸಂಸ್ಥೆ ಅಸಾಧ್ಯ ಎನ್ನುವವರು ಅಮೆರಿಕದ್ದೇ ಅಣುಶಕ್ತಿಯ ಇತಿಹಾಸ ನೋಡಬೇಕು. 1946ರಲ್ಲಿ ಹುಟ್ಟಿದ ಅಣುಶಕ್ತಿ ಆಯೋಗಕ್ಕೆ ಅಣುಶಕ್ತಿಯನ್ನು ಬೆಳೆಸುವ ಹೊಣೆಯೂ ಇತ್ತು, ಮುಂದೆ ಅದರ ಸುರಕ್ಷತೆ ನೋಡುವ ಹೊಣೆಯೂ ಸೇರಿತು. ಎರಡೂ ಒಂದೇ ಕೈಯಲ್ಲಿದ್ದರೆ ಬೆಳೆಸುವ ಆಸೆಯೇ ಗೆಲ್ಲುತ್ತದೆ ಎಂಬ ಟೀಕೆ ಹೆಚ್ಚಾದಾಗ 1974ರಲ್ಲಿ ಕಾನೂನು ತಂದು ಆಯೋಗವನ್ನು ಒಡೆದರು. ಸುರಕ್ಷತೆಗೆಂದೇ ಪ್ರತ್ಯೇಕ ನಿಯಂತ್ರಣ ಆಯೋಗ ಬಂತು. ಕಂಪನಿಗಳ ಸ್ವಂತ ಹಣದ ರಿಯಾಕ್ಟರ್‌ಗೂ ಅದರ ಪರವಾನಗಿ ಬೇಕು.

ಕೆನಡಾ ರೋಗಾಣುಗಳ ವಿಷಯದಲ್ಲೂ ಹೀಗೇ ಮಾಡಿದೆ. 2009ರ ಕಾನೂನಿನ ಪ್ರಕಾರ ಅಲ್ಲಿ ಮನುಷ್ಯರಿಗೆ ರೋಗ ತರುವ ರೋಗಾಣುಗಳನ್ನು ಬಳಸುವ ಲ್ಯಾಬಿಗೆ ಪರವಾನಗಿ ಬೇಕು. ಹಣ ಎಲ್ಲಿಂದ ಬಂತು ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಕೆನಡಾದಲ್ಲಿ ವೈರಾಣು ವಿಜ್ಞಾನ ಸತ್ತುಹೋಗಿಲ್ಲ.

ವಿಜ್ಞಾನಿಗಳೇ ಮುಂದಾಗಿ ನಿಲ್ಲಿಸಿದ ಉದಾಹರಣೆಯೂ ಹತ್ತಿರದಲ್ಲೇ ಇದೆ. ನಮ್ಮ ದೇಹದ ಪ್ರೋಟೀನು, ಡಿಎನ್‌ಎಗಳಿಗೆಲ್ಲ ಎಡಗೈ ಬಲಗೈಗಳ ಹಾಗೆ ಒಂದು ದಿಕ್ಕಿದೆ. ಆ ದಿಕ್ಕನ್ನು ಪೂರ್ತಿ ತಿರುಗಿಸಿ, ಕನ್ನಡಿಯಲ್ಲಿ ಕಂಡಂಥ ಬ್ಯಾಕ್ಟೀರಿಯಾ ತಯಾರಿಸುವ ಕನಸು ಕೆಲವು ಲ್ಯಾಬುಗಳಿಗಿತ್ತು. ಡಿಸೆಂಬರ್ 2024ರಲ್ಲಿ 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬೇಡ ಎಂದು ಬರೆದರು. ಮನುಷ್ಯರ, ಪ್ರಾಣಿಗಳ, ಗಿಡಗಳ ರೋಗ ನಿರೋಧಕ ವ್ಯವಸ್ಥೆ ಇಂಥ ಜೀವಿಯನ್ನು ಗುರುತಿಸದೇ ಹೋಗಬಹುದು ಎಂಬುದು ಅವರ ಭಯ. ಜತೆಗೆ 299 ಪುಟಗಳ ತಾಂತ್ರಿಕ ವರದಿಯನ್ನೂ ಕೊಟ್ಟರು. ಸಹಿ ಹಾಕಿದವರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಕೇಟ್ ಅಡಮಾಲಾ ಕೂಡ ಇದ್ದಾರೆ. ಅವರೇ ಈ ದಾರಿಯಲ್ಲಿ ಕೆಲಸ ಮಾಡುತ್ತಿದ್ದವರು. ಈಗ ನಿಲ್ಲಿಸಿದ್ದಾರೆ. ಅಂಥ ಜೀವಿ ತಯಾರಾಗಲು ಇನ್ನೂ ಕನಿಷ್ಠ ಹತ್ತು ವರ್ಷ ಬೇಕು ಎಂಬ ಅಂದಾಜಿದೆ. ಅಂದರೆ ಇಲ್ಲಿ ಚರ್ಚೆ ಮೊದಲು ಬಂತು, ಪ್ರಯೋಗ ಇನ್ನೂ ಬಂದಿಲ್ಲ.

ಆದರೆ ಇದು ಅವರ ಒಳ್ಳೆಯತನದ ಮೇಲೆ ನಿಂತ ತಡೆ. ಸಹಿ ಹಾಕದ ಒಂದು ಲ್ಯಾಬ್ ಮುಂದುವರಿಸುತ್ತೇನೆ ಎಂದರೆ ತಡೆಯಲು ಈ ಪ್ರಬಂಧಕ್ಕೆ ಯಾವ ಬಲವೂ ಇಲ್ಲ.

ಅಮೆರಿಕದ ಸೆನೆಟ್‌ನಲ್ಲಿ ರ್‍ಯಾಂಡ್ ಪಾಲ್ ಮಂಡಿಸಿರುವ ‘ರಿಸ್ಕಿ ರಿಸರ್ಚ್ ರಿವ್ಯೂ’ ಮಸೂದೆ ಈಗ ಗಮನಿಸಬೇಕಾದ ವಿಷಯ. ಹೆಚ್ಚು ಅಪಾಯದ ಜೀವವಿಜ್ಞಾನ ಸಂಶೋಧನೆಗೆ ಹಣ ಕೊಡಬೇಕಾ ಎಂದು ತೀರ್ಮಾನಿಸಲು, ಎನ್‌ಐಎಚ್ ಹೊರಗೆ ಸ್ವತಂತ್ರ ಮಂಡಳಿಯೊಂದನ್ನು ಕಟ್ಟುವುದು ಅದರ ಉದ್ದೇಶ. ಹಣ ಕೊಡುವವರ ಕೈಯಿಂದ ಬ್ರೇಕ್ ಬಿಡಿಸುವ ಮೊದಲ ಗಂಭೀರ ಪ್ರಯತ್ನ ಎಂದು ಇದನ್ನು ನೋಡಬಹುದು. ಮಂಡಳಿಗೆ ಸೋಂಕು ವಿಜ್ಞಾನ ಬಲ್ಲವರು ಬರುತ್ತಾರಾ, ರಾಜಕೀಯ ನೇಮಕವಾಗಿ ಮುಗಿಯುತ್ತದಾ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ. ಮಸೂದೆ ಹಿಡಿದಿರುವುದು ಸರ್ಕಾರಿ ಹಣ ಪಡೆಯುವ ಸಂಶೋಧನೆಯನ್ನಷ್ಟೇ. ಖಾಸಗಿ ಹಣದ ಲ್ಯಾಬ್ ಇದು ಕಾನೂನಾದ ಮೇಲೂ ಈ ಮಂಡಳಿಯ ಬಾಗಿಲು ತಟ್ಟಬೇಕಿಲ್ಲ.